ಕುದುರೆ ತಗೊಂಡ್ರೆ ಏನು ಲಾಭ? (ಇಪ್ಪತ್ತು ಮುಖದ ದಾಳ, ಕಂತು 6)

1/3

ಹೋದ ಕಂತಿನ ಕೆಳಗೆ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಹಾಕಿದ್ರಿ: "ಡಿ ಅಂಡ್ ಡಿಯಲ್ಲಿ ಕುದುರೆ ತಗೊಳ್ಳೋದು ದುಡ್ಡು ದಂಡ ಅಲ್ವಾ?" ಅಲ್ಲ ಕಣ್ರೋ. ಉತ್ತರ ಸ್ವಲ್ಪ ಉದ್ದ ಇದೆ, ಟೀ ಇಟ್ಕೊಂಡು ಕೂತ್ಕೊಳ್ಳಿ.

ಹೊಸಬರಿಗೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಟೇಬಲ್ ಸುತ್ತ ಕೂತು, ಬಾಯಲ್ಲೇ ಕಥೆ ಕಟ್ಟುತ್ತಾ, ದಾಳ ಹಾಕಿ ಆಡೋ ಆಟ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದದ್ದು. ಅದಕ್ಕೂ ಮುಂಚೆ, 1971ರಲ್ಲಿ, ಗೈಗ್ಯಾಕ್ಸ್ ಇನ್ನೊಬ್ಬರ ಜೊತೆ ಸೇರಿ ಬರೆದ 'ಚೈನ್‌ಮೇಲ್' ಅನ್ನೋ ಯುದ್ಧದಾಟದಲ್ಲೇ ಅಶ್ವದಳ ಇತ್ತು. ಹಾಗಾಗಿ ಕುದುರೆ ಈ ಆಟಕ್ಕೆ ಆಮೇಲೆ ಅಂಟಿಸಿದ್ದಲ್ಲ, ಬೇರಲ್ಲೇ ಇದೆ. ನಮ್ಮ ಟೇಬಲ್ ಇನ್ನೂ 2014ರ ಐದನೇ ಆವೃತ್ತಿಯಲ್ಲೇ ಇದೆ, ಕೆಳಗಿನ ಲೆಕ್ಕ ಎಲ್ಲಾ ಅದರದ್ದೇ.

ಮೊದಲು ವೇಗ. ಮನುಷ್ಯ ಪಾತ್ರ ಒಂದು ಸುತ್ತಿನಲ್ಲಿ 30 ಅಡಿ ನಡೀತಾನೆ. ಕುದುರೆ 60. ನೀವು ಹತ್ತಿ ಕೂತು ನಡೆಸೋ ಕುದುರೆ ತಾನೇ ಹೊಡೆಯೋ ಹಾಗಿಲ್ಲ. ಆದ್ರೆ ಅದು ಓಡಬಹುದು, ತಪ್ಪಿಸಿಕೊಂಡು ಹಿಂದೆ ಸರೀಬಹುದು, ಇಲ್ಲಾ ಏಟು ಬೀಳದ ಹಾಗೆ ಮೈ ಕಾಯ್ದುಕೊಳ್ಳಬಹುದು. ಮುಖ್ಯ ವಿಷಯ ಏನಂದ್ರೆ, ಇದಕ್ಕೆ ನಿಮ್ಮ ಸರದಿ ಖರ್ಚಾಗಲ್ಲ. ಓಡೋದು ಅದರ ಕೆಲಸ, ಹೊಡೆಯೋದು ನಿಮ್ಮ ಕೆಲಸ.

ಈಗ ಕೈಗೆ ಲ್ಯಾನ್ಸ್ ಕೊಡಿ, ಅಂದ್ರೆ ಸವಾರರ ಉದ್ದನೆ ಈಟಿ. 10 ಅಡಿ ದೂರದಿಂದ ಚುಚ್ಚುತ್ತೆ. ನೆಲದ ಮೇಲಿದ್ರೆ ಎರಡೂ ಕೈ ಬೇಕು, ಸವಾರನಿಗೆ ಒಂದೇ ಸಾಕು, ಇನ್ನೊಂದರಲ್ಲಿ ಗುರಾಣಿ. ಪೆಟ್ಟು 12 ಮುಖದ ದಾಳದ್ದು. ಶತ್ರು 70 ಅಡಿ ದೂರದಲ್ಲಿದ್ದಾನೆ ಅಂದ್ಕೊಳ್ಳಿ. ಕುದುರೆ ಜೋರಾಗಿ ಓಡಿದ್ರೆ ಒಟ್ಟು 120 ಅಡಿ ಸಿಗುತ್ತೆ. 60 ಅಡಿ ಹೋಗಿ, ಚುಚ್ಚಿ, 60 ಅಡಿ ವಾಪಸ್. ಅವನ ಕತ್ತಿ 5 ಅಡಿಗಷ್ಟೇ ಎಟಕೋದು, ನೀವು ಅದರೊಳಗೆ ಕಾಲೇ ಇಟ್ಟಿಲ್ಲ. ಅವನು ಸರದಿ ಪೂರ್ತಿ ಓಡಿದ್ರೂ ನಿಮ್ಮ ಹತ್ತಿರ ಬಂದು ನಿಲ್ತಾನೆ ಅಷ್ಟೆ, ಹೊಡೆಯೋಕೆ ಸರದಿ ಉಳಿದಿರಲ್ಲ. ಮೊದಲ ಸಲ ಇದನ್ನ ಮಾಡಿದಾಗ ನಮ್ಮ ಡಿಎಂ ಐದು ನಿಮಿಷ ಪುಸ್ತಕ ತಿರುವಿ ಹಾಕಿ, ಆಮೇಲೆ "ಸರಿ ಮಾರಾಯ" ಅಂದ.

ಆದ್ರೆ ಅವನೂ ಸುಮ್ನಿರಲ್ಲ. ಮುಂದಿನ ವಾರ ಬಂದ ಎಲ್ಲಾ ಗಾಬ್ಲಿನ್‌ಗಳ ಕೈಯಲ್ಲೂ ಬಿಲ್ಲು 🙂

2/3

ನಾನು ಆಡೋದು ಹಾಫ್ಲಿಂಗ್, ಕುಳ್ಳಿ. ನನ್ನ ಸವಾರಿ ಕುದುರೆ ಅಲ್ಲ, ಮ್ಯಾಸ್ಟಿಫ್ ನಾಯಿ. ಹೆಸರು ಬೋಂಡ. ಫೋಟೋದಲ್ಲಿರೋ ಕಪ್ಪು ರಬ್ಬರ್ ಅವನೇ, ಮೇಲಿರೋ ಶರ್ಟ್ ಗುಂಡಿ ನಾನು.

ನಿಯಮ ಹೀಗಿದೆ: ಸವಾರಿ ಪ್ರಾಣಿ ನಿಮಗಿಂತ ಒಂದು ಅಳತೆಯಾದ್ರೂ ದೊಡ್ಡದಿರಬೇಕು. ಮನುಷ್ಯರಿಗೆ ಕುದುರೆಯೇ ಬೇಕು, ಹಾಫ್ಲಿಂಗ್‌ಗೆ ನಾಯಿ ಸಾಕು. (ಡ್ವಾರ್ಫ್‌ಗಳು ಪೋನಿ ಮೇಲೆ ಹೋಗೋದನ್ನ ಸಿನಿಮಾದಲ್ಲಿ ನೋಡಿರ್ತೀರಿ. ಈ ಪುಸ್ತಕದ ಪ್ರಕಾರ ಡ್ವಾರ್ಫ್, ಪೋನಿ ಎರಡೂ ಒಂದೇ ಅಳತೆ, ಹತ್ತೋ ಹಾಗಿಲ್ಲ. ನನಗೆ ಇದು ಶುದ್ಧ ತಲೆಹರಟೆ ನಿಯಮ ಅನ್ಸುತ್ತೆ.) ಕುದುರೆ ಸವಾರರು ಗುಹೆ ಬಾಗಿಲಲ್ಲೇ ಇಳೀಬೇಕು. ಬೋಂಡ ಒಳಗೂ ಬರ್ತಾನೆ, ಮೆಟ್ಟಿಲೂ ಹತ್ತುತ್ತಾನೆ, ಕತ್ತಲಲ್ಲಿ ಯಾರಿದ್ದಾರೆ ಅಂತ ಮೂಸಿ ಹೇಳ್ತಾನೆ. ನನ್ನ ಕಾಲಿಗೆ 25 ಅಡಿ, ಅವನಿಗೆ 40.

ತೊಂದರೆ ಒಂದೇ. ಬೋಂಡನಿಗೆ 5 ಹಿಟ್ ಪಾಯಿಂಟ್. ಐದೇ. ಒಂದು ಒಳ್ಳೆ ಬಾಣ ಬಿದ್ರೆ ಕಥೆ ಮುಗೀತು.

ಅದಕ್ಕೇ ನಾಲ್ಕನೇ ಲೆವೆಲ್‌ನಲ್ಲಿ 'ಮೌಂಟೆಡ್ ಕಾಂಬ್ಯಾಟಂಟ್' ಅನ್ನೋ ಫೀಟ್ ತಗೊಂಡೆ. ಅದರಲ್ಲಿ ಮೂರು ಸಿಗುತ್ತೆ. ಸವಾರಿ ಪ್ರಾಣಿಗಿಂತ ಚಿಕ್ಕವರು, ಅದೂ ನೆಲದ ಮೇಲಿರೋರು ಎದುರಿದ್ರೆ, ದಾಳ ಎರಡು ಸಲ ಹಾಕಿ ದೊಡ್ಡದನ್ನ ಇಟ್ಕೋಬಹುದು. 11 ಬೀಳಬೇಕಾದ ಕಡೆ ಗೆಲ್ಲೋ ಸಾಧ್ಯತೆ 50ರಿಂದ ನೂರಕ್ಕೆ 75ಕ್ಕೆ ಏರುತ್ತೆ. ಕುದುರೆ ಮೇಲಿರೋರಿಗೆ ಇದು ಹಬ್ಬ, ಎದುರಿಗೆ ಬರೋ ಮನುಷ್ಯರೆಲ್ಲ ಚಿಕ್ಕವರೇ. ನಾಯಿ ಮೇಲಿರೋ ನನಗೆ ಗಾಬ್ಲಿನ್, ಕೋಬೋಲ್ಡ್ ಅಷ್ಟೇ. ಎರಡನೇದು, ಬೆಂಕಿ ಉಂಡೆ ಥರದ್ದರಿಂದ ಸರಿಯಾಗಿ ತಪ್ಪಿಸಿಕೊಂಡ್ರೆ ಪ್ರಾಣಿಗೆ ಏನೂ ಆಗಲ್ಲ. ಮೂರನೇದಕ್ಕೋಸ್ಕರವೇ ನಾನು ಇದನ್ನ ತಗೊಂಡಿದ್ದು: ಪ್ರಾಣಿಗೆ ಗುರಿ ಇಟ್ಟ ಏಟನ್ನ ನಿಮ್ಮ ಮೇಲೆ ತಿರುಗಿಸ್ಕೋಬಹುದು.

"ವೇಸ್ಟ್" ಅಂದ್ರು ಎಲ್ಲರೂ. ನಮ್ಮ ಟೇಬಲ್‌ನ ಲೆಕ್ಕಮೇಷ್ಟ್ರು (ಅವನು ಕಾಮರ್ಸ್, ಕೋಪ ಮಾಡ್ಕೋಬೇಡ) ಬಿಡಿಸಿಯೇ ಹೇಳಿದ: "ಮ್ಯಾಸ್ಟಿಫ್ ಬೆಲೆ 25 ಚಿನ್ನದ ನಾಣ್ಯ. ಸತ್ರೆ ಇನ್ನೊಂದು ತಗೋ. ಅದಕ್ಕೋಸ್ಕರ ಫೀಟ್ ಯಾಕೆ?"

3/3

ಹೋದ ಶನಿವಾರ ಹಳೇ ಗಣಿಯೊಳಗೆ ಓಗರ್ ಸಿಕ್ಕಿತು. ನನಗೆ ಉಳಿದಿದ್ದು 9 ಹಿಟ್ ಪಾಯಿಂಟ್. ಓಗರ್ ದೊಣ್ಣೆ ಎತ್ತಿದ್ದು ಬೋಂಡನ ಮೇಲೆ. ಡಿಎಂ ದಾಳ ಹಾಕೋ ಮುಂಚೆ ನನ್ನ ಮುಖ ನೋಡಿದ, ಟೇಬಲ್ ಪೂರ್ತಿ ನೋಡ್ತು. ಆ ದೊಣ್ಣೆ ಸರಾಸರಿ 13 ಹೊಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಎಂಟು ತಿಂಗಳಿಂದ ಆಡ್ತಿರೋ ಪಾತ್ರ. ಮೇ ತಿಂಗಳಲ್ಲಿ ಪರೀಕ್ಷೆ, ಆಮೇಲೆ ಒಬ್ಬೊಬ್ಬರು ಒಂದೊಂದು ಊರು. ಈ ಪಾತ್ರ ಹೋದ್ರೆ ಹೊಸದು ಬೆಳೆಸೋಕೆ ಟೈಮೇ ಇಲ್ಲ.

"ನನ್ನ ಮೇಲೆ" ಅಂದೆ.

14 ಬಿತ್ತು. ನಾನು ನೆಲಕ್ಕೆ. ಸಾವಿನ ದಾಳ ಮೊದಲನೇದು 6, ಫೇಲ್. ಎರಡನೇದು 12, ಪಾಸ್. ಮೂರು ಸಲ ಫೇಲ್ ಆದ್ರೆ ಮುಗೀತು. ನನ್ನ ಮೂರನೇ ಸರದಿ ಬರೋ ಮುಂಚೆ ಲೆಕ್ಕಮೇಷ್ಟ್ರ ಪೂಜಾರಿ ಓಗರ್ ಪಕ್ಕದಲ್ಲೇ ನುಗ್ಗಿ ಬಂದು, ತನಗೊಂದು ಏಟು ತಿಂದು, ನನ್ನನ್ನ ಎಬ್ಬಿಸಿದ. ಅವನ ಲೆಕ್ಕದಲ್ಲಿ ಅದೂ ನಷ್ಟವೇ! ಯಾಕೋ ಅಂತ ಕೇಳಿದ್ರೆ, "ನೀನು ಸತ್ರೆ ಆ ನಾಯಿನ ಯಾರು ನೋಡ್ಕೊಳ್ಳೋದು" ಅಂದ.

ಈ ವಾರ ಊರಿಗೆ ವಾಪಸ್ ಹೋಗಿ ಬೋಂಡನಿಗೆ ಕವಚ ಮಾಡಿಸ್ತೀವಿ. ಪ್ರಾಣಿ ಕವಚಕ್ಕೆ ಮನುಷ್ಯರದ್ದರ ನಾಲ್ಕು ಪಟ್ಟು ಬೆಲೆ, ಚರ್ಮದ್ದಾದ್ರೂ 40 ನಾಣ್ಯ. ರಕ್ಷಣೆ 12ರಿಂದ 13ಕ್ಕೆ ಏರುತ್ತೆ ಅಷ್ಟೇ. ನಾಯಿಗೆ 25, ಅದರ ಅಂಗಿಗೆ 40. ನನ್ನ ಹತ್ರ ಇರೋದು 31. ಉಳಿದ 9 ಲೆಕ್ಕಮೇಷ್ಟ್ರು ಕೊಡ್ತಾನಂತೆ, ಬಡ್ಡಿಗೆ.