ದಾದಿಯ ದವಾ ಚೀಲ

ಲಕ್ಷದ್ವೀಪಕ್ಕೆ ಹೋಗಿ ಬಂದೆ ಎಂದ ತಕ್ಷಣ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಕೇಳಿದ್ದು ಫೋಟೋ. ಫೋಟೋ ಇವೆ, ತೋರಿಸುತ್ತೇನೆ. ಆದರೆ ಆ ಐದು ದಿನ ನನ್ನ ಕೈಯಲ್ಲಿ ಮೊಬೈಲಿಗಿಂತ ಹೆಚ್ಚು ಹೊತ್ತು ಇದ್ದದ್ದು ಹುರಿಗಡಲೆ, ಶೇಂಗಾ, ಮಾರಿ ಬಿಸ್ಕತ್ತು ಮತ್ತು ಗ್ಲೂಕೋಸ್ ಪುಡಿ ತುಂಬಿದ ಒಂದು ಬಟ್ಟೆ ಚೀಲ. ಅದರ ಬಗ್ಗೆ ಯಾರೂ ಕೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ದಾದಿ, ಅಂದರೆ ಅಬ್ಬಾನ ತಾಯಿಗೆ, ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ದಾವಣಗೆರೆಯಲ್ಲೇ ಹುಟ್ಟಿ, ಅಲ್ಲೇ ಎರಡು ಬೀದಿ ಆಚೆ ಮದುವೆಯಾಗಿ ಬಂದ ಅವರು ಸಮುದ್ರ ನೋಡಿದ್ದು ಎಪ್ಪತ್ತೊಂದನೇ ವಯಸ್ಸಿನಲ್ಲಿ, ಕಳೆದ ದಸರಾ ರಜೆಯಲ್ಲಿ. ಬಡೇ ಅಬ್ಬಾ ಎಲ್ಲರಿಗೂ ಪರ್ಮಿಟ್ ಮಾಡಿಸಿ ಕೊಚ್ಚಿಯಿಂದ ಹೊರಡುವ ಹಡಗಿಗೆ ಟಿಕೆಟ್ ತೆಗೆಸಿದ್ದರು. ರಾತ್ರಿ ಹಡಗಿನಲ್ಲೇ ನಿದ್ದೆ, ಹಗಲು ಒಂದೊಂದು ದ್ವೀಪ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ತಿಳಿನೀರು. ದೊಡ್ಡ ಹಡಗು ಒಳಗೆ ಹೋಗಲು ಆಗುವುದಿಲ್ಲ. ಹೊರಗೇ ಲಂಗರು ಹಾಕಿ ನಿಲ್ಲುತ್ತದೆ, ನಾವು ಚಿಕ್ಕ ದೋಣಿಗೆ ಇಳಿದು ದಡಕ್ಕೆ ಹೋಗಬೇಕು.

ತೊಂದರೆ ಇರುವುದು ಇಲ್ಲೇ. ದಾದಿ ಬೆಳಿಗ್ಗೆ ತಿಂಡಿಯ ಜೊತೆ ಗ್ಲೈಮಿಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ದೋಣಿ ತಡವಾಯಿತು, ಊಟ ಇನ್ನೂ ಬಂದಿಲ್ಲ ಎಂದು ಅದು ಕಾಯುವುದಿಲ್ಲ. ಮನೆಯಲ್ಲಾದರೆ ಹನ್ನೊಂದು ಗಂಟೆಗೆ ಅಡುಗೆಮನೆ ಇದೆ. ಸಮುದ್ರದ ಮಧ್ಯೆ ಏನಿದೆ? ಮೇಲೆ ಮರಳಿನಲ್ಲಿ ನಡಿಗೆ, ಬಿಸಿಲು. ನಡೆದಷ್ಟೂ ಸಕ್ಕರೆ ಖರ್ಚು. ಊಟ ಬಿಟ್ಟು ಇಷ್ಟೆಲ್ಲಾ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಅದನ್ನು ಬೇಗ ಸರಿಪಡಿಸದಿದ್ದರೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಹೆಚ್ಚು ಸಕ್ಕರೆಗೆ ಎಲ್ಲರೂ ಹೆದರುತ್ತಾರೆ, ಕಡಿಮೆ ಸಕ್ಕರೆಗೆ ಅಷ್ಟು ಹೆದರುವುದಿಲ್ಲ. ನನ್ನ ಪ್ರಕಾರ ಪ್ರವಾಸದಲ್ಲಿ ಹೆದರಬೇಕಾದದ್ದು ಎರಡನೆಯದಕ್ಕೆ.

ನಮ್ಮ ಡಾಕ್ಟರು ಹೊರಡುವ ಮೊದಲೇ ಹೇಳಿಕೊಟ್ಟಿದ್ದರು. 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಕೊಡಿ, 15 ನಿಮಿಷ ಕಾಯಿರಿ, ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಿ. ಏರಿದ ಮೇಲೆ ಏನಾದರೂ ಗಟ್ಟಿಯಾದದ್ದು ತಿನ್ನಿಸಿ, ಇಲ್ಲವಾದರೆ ಮತ್ತೆ ಇಳಿಯುತ್ತದೆ. ಚಾಕೊಲೇಟ್, ಬರ್ಫಿ ಬೇಡ, ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. (ಇದು ನಮ್ಮ ದಾದಿಯ ಲೆಕ್ಕ. ನಿಮ್ಮ ಮನೆಯವರ ಮಾತ್ರೆ ಬೇರೆ ಇರಬಹುದು, ಅವರ ಡಾಕ್ಟರನ್ನೇ ಕೇಳಿ.) ಅಬ್ಬಾನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಾನು 15 ಗ್ರಾಮಿನ ಎಂಟು ಗ್ಲೂಕೋಸ್ ಪೊಟ್ಟಣ ಕಟ್ಟಿದೆ. ಹುರಿಗಡಲೆ 30 ಗ್ರಾಮಿನಂತೆ ಬೇರೆ. ಬೀಳದ ಗಿರಾಕಿಗೆ ಇಷ್ಟೊಂದು ಪ್ಯಾಕಿಂಗ್ ಯಾಕೆ ಎಂದು ಅಬ್ಬಾ ನಕ್ಕರು.

ಡಾಕ್ಟರಿಗೂ ಗೊತ್ತಿಲ್ಲದ ಒಂದು ವಿಷಯವಿತ್ತು. ನಮ್ಮ ದಾದಿ ಇನ್ನೊಬ್ಬರ ಎದುರು ಒಬ್ಬರೇ ತಿನ್ನುವುದಿಲ್ಲ. ರೈಲಿನಲ್ಲಿ ಡಬ್ಬಿ ತೆರೆದರೆ ಮೊದಲು ಇಡೀ ಬೋಗಿಗೆ ಹೋಗಬೇಕು. ಅವರ ಅಮ್ಮ ಹಾಗೆ ಬೆಳೆಸಿದ್ದು.

ಮೊದಲ ದ್ವೀಪ ಕಲ್ಪೇನಿ. ತಿಂಡಿ, ಮಾತ್ರೆ ಏಳು ಗಂಟೆಗೆ ಮುಗಿದಿತ್ತು. ಅಲೆ ಜೋರಾಗಿದ್ದರಿಂದ ದೋಣಿಗೆ ಇಳಿಯುವಾಗ ಹತ್ತಾಯಿತು. ದೋಣಿಯಲ್ಲಿ ನಮ್ಮ ಎದುರಿಗೆ ಕೇರಳದ ಒಂದು ಕುಟುಂಬ, ಮೂರು ಮಕ್ಕಳು. ನಾನು ದಾದಿಗೆಂದು ಕಡಲೆ ಪೊಟ್ಟಣ ಬಿಚ್ಚಿದ್ದೇ ತಡ, "ಪೈಲೇ ಬಚ್ಚ್ಯಾಂಕು ದೇ" ಎಂದರು. ಮೊದಲು ಮಕ್ಕಳಿಗೆ ಕೊಡು. ಒಂದು ಪೊಟ್ಟಣ ಹೋಯಿತು, ಶೇಂಗಾ ಹೋಯಿತು, ಬಿಸ್ಕತ್ತು ಹಿಂದಿನ ಸಾಲಿಗೆ ಹೋಗಿ ಖಾಲಿ ಕಾಗದವಾಗಿ ವಾಪಸ್ ಬಂತು. ದಾದಿಯ ಬಾಯಿಗೆ ಹೋದದ್ದು ನಾಲ್ಕು ಕಾಳು. ಗ್ಲೂಕೋಸ್ ಪೊಟ್ಟಣ ಉಳಿದದ್ದು ಅದು ಯಾರಿಗೂ ಬೇಡವಾದ್ದರಿಂದ.

ದಡದಲ್ಲಿ ಎಳನೀರು ಕೊಟ್ಟರು. ಅದು ಸಾಕು ಎಂದರು ಬಡೀ ಅಮ್ಮಿ. ಆದರೆ ಒಂದು ಲೋಟ ಎಳನೀರಿನಲ್ಲಿ ಸಕ್ಕರೆ ಹತ್ತು ಗ್ರಾಂ ಕೂಡ ಇರುವುದಿಲ್ಲ. ಅಲ್ಲಿಂದ ನಮ್ಮನ್ನು ಹವಳದ ಬಂಡೆಗಳ ಕಡೆ ಕರೆದುಕೊಂಡು ಹೋದರು. 1847ರ ಚಂಡಮಾರುತ ಸಮುದ್ರದಿಂದ ಎತ್ತಿ ದಡಕ್ಕೆ ಎಸೆದ ರಾಶಿ ಅದು. ದಾದಿ ಬೆವರುತ್ತಿದ್ದರು. ಬೆವರುವುದು ಕಡಿಮೆ ಸಕ್ಕರೆಯ ಲಕ್ಷಣ ಎಂದು ಎಲ್ಲ ಕಡೆ ಬರೆದಿರುತ್ತಾರೆ, ಆದರೆ ಆ ಬಿಸಿಲಿನಲ್ಲಿ ಬೆವರದವರು ಯಾರು? ನನಗೆ ಗೊತ್ತಾದದ್ದು ಬೇರೆ ಕಡೆಯಿಂದ. ನನ್ನ ತಮ್ಮ ನೀರು ನೋಡುತ್ತಾ "ಸಮಂದರ್ ಕಿತ್ನೀ ಬಡೀ ಹೈ" ಎಂದ. ಸಮಂದರ್ ಗಂಡು ಪದ, "ಕಿತ್ನಾ ಬಡಾ" ಎನ್ನಬೇಕು. ಕನ್ನಡ ಶಾಲೆಯಲ್ಲಿ ಓದುವ ನಮಗೆ ಕುರ್ಚಿ ಹೆಣ್ಣು, ಸಮುದ್ರ ಗಂಡು ಎನ್ನುವುದು ತಲೆಗೆ ಹತ್ತುವುದಿಲ್ಲ. ದಾದಿ ಮಾತ್ರ ಇಂಥ ತಪ್ಪನ್ನು ನಿದ್ದೆಯಲ್ಲೂ ತಿದ್ದುತ್ತಾರೆ. ಅವತ್ತು ತಿದ್ದಲಿಲ್ಲ. ಸುಮ್ಮನೆ ಅವನ ಮುಖ ನೋಡಿದರು.

ಕೂರಿಸಿ ನೋಡಿದೆವು: 58.

ಒಂದು ಪೊಟ್ಟಣ ಗ್ಲೂಕೋಸನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿದೆ. ಹದಿನೈದು ನಿಮಿಷ ಎಷ್ಟು ಉದ್ದ ಎಂದು ಪರೀಕ್ಷಾ ಹಾಲ್‌ನಲ್ಲಿ ಕೂಡ ಅಷ್ಟು ಗೊತ್ತಾಗಿರಲಿಲ್ಲ. ಅಬ್ಬಾ ಮೂರು ಸಲ ಮತ್ತೆ ಕೊಡೋಣ ಎಂದರು, ಬಡೀ ಅಮ್ಮಿ ಪರ್ಸಿನಿಂದ ಚಾಕೊಲೇಟ್ ತೆಗೆದರು. ನಾನು ವಾಚ್ ಹಿಡಿದುಕೊಂಡು ಬೇಡ ಬೇಡ ಎನ್ನುತ್ತಾ ನಿಂತಿದ್ದೆ. 84 ಬಂತು. ಇನ್ನು ಗಟ್ಟಿಯಾದದ್ದು ಏನಾದರೂ ಬೇಕು, ಚೀಲ ಖಾಲಿ. ಆಗ ಆ ಮೂರು ಮಕ್ಕಳ ತಾಯಿ ತಮ್ಮ ಬ್ಯಾಗಿನಿಂದ ಎರಡು ಬಾಳೆಹಣ್ಣು, ಬ್ರೆಡ್ ತೆಗೆದು ದಾದಿಯ ಕೈಗಿಟ್ಟರು.

ಈ ಭಾಗದ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ವಾದ ನಡೆಯುತ್ತದೆ. "ನೋಡು, ಹಂಚಿದ್ದು ವಾಪಸ್ ಬಂತು" ಎನ್ನುತ್ತಾರೆ ದಾದಿ. ಬಂತು, ಒಪ್ಪುತ್ತೇನೆ. ಆದರೆ ಅಕೌಂಟೆನ್ಸಿಯಲ್ಲಿ ಸಾಲ ಕೊಟ್ಟದ್ದೆಲ್ಲ ವಾಪಸ್ ಬರುತ್ತದೆ ಎಂದು ನಂಬುವವರು ಯಾರೂ ಇಲ್ಲ, ಅದಕ್ಕೇ ರಿಸರ್ವ್ ಅಂತ ಒಂದನ್ನು ಬೇರೆ ಇಡುತ್ತಾರೆ. ಆ ತಾಯಿ ಇನ್ನೊಂದು ದೋಣಿಯಲ್ಲಿ ಇದ್ದಿದ್ದರೆ?

ಹಂಚಬೇಡಿ ಎಂದು ದಾದಿಗೆ ಹೇಳುವುದು ಮಾತ್ರ ನನಗೆ ಇಷ್ಟವಿರಲಿಲ್ಲ. ಹಂಚದ ದಾದಿ ನಮ್ಮ ದಾದಿಯೇ ಅಲ್ಲ. ಆ ರಾತ್ರಿ ಹಡಗಿನಲ್ಲಿ ಎರಡು ಚೀಲ ಮಾಡಿದೆ. ಉಳಿದ ಕಡಲೆ, ಕ್ಯಾಂಟೀನಿನಿಂದ ತಂದ ಬಿಸ್ಕತ್ತು ದೊಡ್ಡದರಲ್ಲಿ, ಊರಿಗೆಲ್ಲ ಹಂಚಲಿ. ಚಿಕ್ಕದು ಜಿಪ್ ಇರುವ ಪೌಚ್: ಎರಡು ಗ್ಲೂಕೋಸ್, ಎರಡು ಕಡಲೆ ಪೊಟ್ಟಣ, ಮೂರು ಬಿಸ್ಕತ್ತು. ಅದರ ಮೇಲೆ ಉರ್ದುವಿನಲ್ಲಿ "ದವಾ" ಎಂದು ಬರೆದೆ. ಔಷಧಿ. ದಾದಿ ಅದನ್ನು ನೋಡಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಕ್ಷರ ಚೆನ್ನಾಗಿಲ್ಲ ಎಂದರು. ಆದರೆ ಪೌಚನ್ನು ಬುರ್ಖಾದ ಜೇಬಿಗೆ ಹಾಕಿಕೊಂಡರು. ಔಷಧಿಯನ್ನು ಯಾರೂ ಹಂಚುವುದಿಲ್ಲವಲ್ಲ.

ಎರಡನೇ ದಿನ ಮಿನಿಕಾಯ್. ಉಳಿದ ದ್ವೀಪಗಳಲ್ಲಿ ಒಂದು ಬಗೆಯ ಮಲಯಾಳಂ, ಇಲ್ಲಿ ಮಾತ್ರ ಮಾಲ್ದೀವ್ಸಿನವರಂತೆ ಮಹಲ್ ಭಾಷೆ. ದಾದಿಗೆ ಎರಡೂ ಬಾರದು, ಸಲಾಂ ಒಂದರಲ್ಲೇ ನಾಲ್ಕು ಜನ ಗೆಳತಿಯರಾದರು. ತೆಂಗಿನಕಾಯಿ ಬೆಲ್ಲದ ಉಂಡೆ ಕೈಗಿಟ್ಟರು, ದಾದಿ ಚಿಟಿಕೆಯಷ್ಟು ಮುರಿದುಕೊಂಡು ಉಳಿದದ್ದು ನಮಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ನೋಡಿದರೆ 241! ಎಲ್ಲರೂ ಗಾಬರಿ. ಕೈ ತೊಳೆಸಿ, ಒರೆಸಿ, ಮತ್ತೆ ನೋಡಿದೆವು: 138. ಬೆರಳಿಗೆ ಅಂಟಿದ್ದ ಬೆಲ್ಲವನ್ನು ಮಷಿನ್ ರಕ್ತದ ಲೆಕ್ಕಕ್ಕೆ ಸೇರಿಸಿತ್ತು. ಪ್ರವಾಸದಲ್ಲಿ ಸ್ಯಾನಿಟೈಸರ್‌ಗಿಂತ ಒಂದು ಬಾಟಲಿ ನೀರು ಮೇಲು.

1885ರಲ್ಲಿ ಕಟ್ಟಿದ ಲೈಟ್‌ಹೌಸ್ ಹತ್ತಲು ನಾನು, ತಮ್ಮ ಹೋದೆವು. ದಾದಿ ಕೆಳಗೆ ನೆರಳಿನಲ್ಲಿ ಕೂತರು. ಮೇಲಿಂದ ನೋಡಿದರೆ ಒಂದು ಕಡೆ ನೀಲಿ, ಒಂದು ಕಡೆ ಹಸಿರು ನೀರು, ಮಧ್ಯೆ ತೆಂಗು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನಾನು ಕೆಳಗೆ ಒಂದು ಕಪ್ಪು ಚುಕ್ಕೆ ಹುಡುಕಿದೆ. ಸಮಯ ಹನ್ನೊಂದು. ಚುಕ್ಕೆ ಗೋಡೆಯ ಕಡೆ ತಿರುಗಿ ಕೂತಿತ್ತು, ಕೈ ಬಾಯಿಯ ಹತ್ತಿರ ಹೋಗಿ ಬರುತ್ತಿತ್ತು.

ಕವರತ್ತಿಯಲ್ಲಿ ಗ್ಲೂಕೋಸ್ ಬೇಕಾಗಲಿಲ್ಲ. ಎಂಟು ಪೊಟ್ಟಣದಲ್ಲಿ ಏಳು ಉಳಿದವು, ಅಬ್ಬಾ ಅವನ್ನು ಅಂಗಡಿಗೆ ವಾಪಸ್ ಕೇಳಿದರು. ದಾದಿ ಕೊಡಲಿಲ್ಲ. ಮುಂದಿನ ತಿಂಗಳು ಹರಿಹರದಲ್ಲಿ ಒಂದು ಮದುವೆ ಇದೆ, ಅಲ್ಲಿ ಊಟ ಯಾವತ್ತೂ ನಾಲ್ಕು ಗಂಟೆಗೇ.