ಗೋಪನಕೊಪ್ಪದ ದಾರಿಯಲ್ಲಿ ಮುನಿಯುವ ಗೇರ್

ಹುಬ್ಬಳ್ಳಿಯ ಕೇಶ್ವಾಪುರವನ್ನು ದಾಟಿ ಬೆಂಗೇರಿಯ ಕಡೆಗೆ ಹೊರಟವರಿಗೆ ಗೋಪನಕೊಪ್ಪವು ದೂರವಲ್ಲ. ಕೊಪ್ಪವೆಂದರೆ ಸಣ್ಣ ಹಳ್ಳಿ. ಹೆಸರಿನಲ್ಲಿ ಹಳ್ಳಿತನವು ಉಳಿದಿದ್ದರೂ ಊರು ಇಂದು ನಗರದ ಮಡಿಲಲ್ಲಿದೆ. 1962ರಲ್ಲಿ ರೂಪುಗೊಂಡ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಬಡಾವಣೆಗಳಲ್ಲಿ ಅದೂ ಒಂದು. ನೆರೆಯ ಬೆಂಗೇರಿಯು ನಾಡಿಗೆಲ್ಲ ಪರಿಚಿತವಾದ ಸ್ಥಳ. 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿದೆ. ಖಾದಿಯ ರಾಷ್ಟ್ರಧ್ವಜಗಳು ಅಲ್ಲಿ ಸಿದ್ಧವಾಗುತ್ತವೆ.

ಈ ಭಾಗದ ಮನೆಗಳಲ್ಲಿ ಮೋಟಾರ್ ಸೈಕಲ್ಲಿಗೆ ಹಿರಿಯರು ಇಟ್ಟ ಹೆಸರು ಫಟಫಟಿ. ಕಚೇರಿಗೆ, ಶಾಲೆಗೆ, ಬೆಂಗೇರಿಯ ಸಂತೆಗೆ ಅದೇ ವಾಹನ. ಓಡುವುದಕ್ಕಿಂತ ನಿಲ್ಲುವ ಪ್ರಸಂಗಗಳೇ ಹೆಚ್ಚು: ತಿರುವಿನಲ್ಲಿ ತಳ್ಳುಗಾಡಿ, ನಡುರಸ್ತೆಯಲ್ಲಿ ಎಮ್ಮೆ, ಕೈಹಿಡಿದು ದಾಟುವ ಮಕ್ಕಳು. ನಾಲ್ಕನೆಯ ಗೇರಿನಲ್ಲಿ ಬಂದ ಸವಾರನು ಬ್ರೇಕು ಒತ್ತಿ ನಿಲ್ಲುತ್ತಾನೆ. ಆಮೇಲೆ ಗೇರ್ ಇಳಿಸಲು ಕಾಲಾಡಿಸಿದರೆ ಅದು ಮೂರರಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನ್ಯೂಟ್ರಲಿನ ಹಸಿರು ದೀಪವಂತೂ ಬೆಳಗುವುದೇ ಇಲ್ಲ. ಹಿಂದೆ ರಿಕ್ಷಾದ ಹಾರನ್ನು. ಹಿಂದಿನ ಆಸನದಲ್ಲಿ ಕಾಯಿಪಲ್ಲೆಯ ಚೀಲ ಹಿಡಿದ ಗೃಹಿಣಿ. ಗಾಬರಿಯಲ್ಲಿ ಕ್ಲಚ್ಚು ಬಿಟ್ಟರೆ ಗಾಡಿ ಜಗ್ಗಿ ಬಂದಾಗುತ್ತದೆ, ಇಲ್ಲವೇ ಮುಂದಕ್ಕೆ ನೆಗೆಯುತ್ತದೆ. ಅಪಾಯವಿರುವುದು ಈ ಒಂದು ಕ್ಷಣದಲ್ಲಿ.

“ಗೇರ್ ಬೀಳವಲ್ದ್ರೀ” ಎಂಬ ದೂರು ಮೆಕ್ಯಾನಿಕ್ಕುಗಳಿಗೆ ಹೊಸದಲ್ಲ. ಆದರೆ ದೋಷವು ಎಲ್ಲ ಸಲವೂ ಯಂತ್ರದ್ದಾಗಿರುವುದಿಲ್ಲ. ಗೇರ್ ಪೆಟ್ಟಿಗೆಯೊಳಗೆ ಚಕ್ರಗಳು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಗೇರ್ ಬದಲಿಸಿದಾಗ ಒಂದು ಚಕ್ರದ ಪಕ್ಕಕ್ಕೆ ಚಾಚಿಕೊಂಡ ಮೊಂಡು ಹಲ್ಲುಗಳು ಮತ್ತೊಂದರ ತೂತುಗಳಲ್ಲಿ ಸೇರಬೇಕು. ಬಾಗಿಲಿನ ಅಗುಳಿಯು ತೂತಿಗೆ ಎದುರಾಗದಿದ್ದರೆ ಎಷ್ಟು ದೂಡಿದರೂ ಒಳಗೆ ಹೋಗುವುದೇ? ಇಲ್ಲಿಯೂ ಹಾಗೆಯೇ. ಗಾಡಿ ಉರುಳುತ್ತಿರುವಾಗ ಚಕ್ರಗಳು ತಿರುಗಿ ಹಲ್ಲಿಗೆ ತೂತು ಸಿಗುತ್ತದೆ. ನಿಂತಾಗ ಹಲ್ಲಿಗೆ ಹಲ್ಲು ಅಡ್ಡವಾಗಿ ಉಳಿಯಬಹುದು.

ಆದುದರಿಂದ ವೇಗ ಕುಗ್ಗಿದಂತೆ, ಗಾಡಿ ಇನ್ನೂ ಚಲಿಸುತ್ತಿರುವಾಗಲೇ, ಮೆಟ್ಟಿಲು ಇಳಿದಂತೆ ನಾಲ್ಕರಿಂದ ಮೂರು, ಮೂರರಿಂದ ಎರಡು ಎಂದು ಇಳಿಸಬೇಕು. ಒಂದು ಸಲ ಒತ್ತಿದ ಮೇಲೆ ಕಾಲನ್ನು ಪೂರ್ತಿ ಸಡಿಲಿಸಬೇಕು. ಲಿವರ್ ತನ್ನ ಸ್ಥಾನಕ್ಕೆ ಮರಳದೆ ಮುಂದಿನ ಗೇರ್ ಬೀಳದು. ನಡಿಗೆಯ ವೇಗಕ್ಕೆ ಬಂದಾಗ ಒಂದನೆಯ ಗೇರ್ ಅಥವಾ ನ್ಯೂಟ್ರಲ್. ಇಷ್ಟಾಗಿಯೂ ನಿಂತಲ್ಲಿ ಸಿಕ್ಕಿಕೊಂಡರೆ ಲಿವರನ್ನು ಒದೆಯಬೇಡಿರಿ. ಕ್ಲಚ್ಚನ್ನು ಹಿಡಿದೇ ಗಾಡಿಯನ್ನು ಗೇಣಷ್ಟು ಹಿಂದೆ ಮುಂದೆ ಜಗ್ಗಿ ಮತ್ತೆ ಒತ್ತಿರಿ.

ಇದು ಇಂದಿನ ಸಮಸ್ಯೆಯಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರ್ ಬಲಗಡೆಗಿತ್ತು. ಅದರ ಪಕ್ಕದಲ್ಲಿ ನ್ಯೂಟ್ರಲಿಗಾಗಿಯೇ ಮತ್ತೊಂದು ಚಿಕ್ಕ ಲಿವರನ್ನು ಇಟ್ಟಿದ್ದರು. ಎರಡು, ಮೂರು, ನಾಲ್ಕು ಯಾವ ಗೇರಿನಲ್ಲಿದ್ದರೂ ಅದನ್ನು ಹಿಮ್ಮಡಿಯಿಂದ ತುಳಿದರೆ ಗಾಡಿ ನ್ಯೂಟ್ರಲಿಗೆ ಬರುತ್ತಿತ್ತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿದ ಜಾವಾದಲ್ಲಿ ಗೇರ್ ಲಿವರನ್ನು ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುತ್ತಿತ್ತು. ಅದೇ ಲಿವರನ್ನು ತಿರುಗಿಸಿ ಕಿಕ್ ಹೊಡೆಯುತ್ತಿದ್ದರು. ಆ ಕಾರ್ಖಾನೆಯು 1996ರಲ್ಲಿ ಮುಚ್ಚಿತು.

ಸವಾರಿಯ ಕ್ರಮ ಸರಿಯಿದ್ದೂ ಗೇರ್ ಮುನಿದರೆ ಒಂದು ಸರಳ ಪರೀಕ್ಷೆಯುಂಟು. ಎಂಜಿನ್ ನಿಲ್ಲಿಸಿ, ಕ್ಲಚ್ಚು ಹಿಡಿದು, ಗಾಡಿಯನ್ನು ಮೆಲ್ಲಗೆ ಅತ್ತಿತ್ತ ಜಗ್ಗುತ್ತ ಗೇರ್ ಇಳಿಸಿ ನೋಡಿರಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ಸಂಶಯವು ಕ್ಲಚ್ಚಿನ ಮೇಲೆ: ಅದು ಪೂರ್ತಿ ಬಿಡುತ್ತಿಲ್ಲ. ಕ್ಲಚ್ ಲಿವರಿನ ತುದಿಯಲ್ಲಿ ಬಹುತೇಕ ಗಾಡಿಗಳಿಗೆ 10ರಿಂದ 20 ಮಿಲಿಮೀಟರಿನಷ್ಟು ಸಡಿಲವಿರಬೇಕು. ಹೆಚ್ಚಾದರೆ ಕ್ಲಚ್ಚು ಅರೆಬರೆ ಬಿಡುತ್ತದೆ. ತೀರ ಬಿಗಿಯಾದರೆ ಜಾರಿ ಸವೆಯುತ್ತದೆ. ಕೇಬಲ್ಲಿನ ಎಳೆಗಳು ಹರಿದಿವೆಯೇ, ಎಣ್ಣೆಯ ಮಟ್ಟ ಸರಿಯಿದೆಯೇ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯೇ ಇದೆಯೇ, ನಿಂತಾಗ ಎಂಜಿನ್ನಿನ ವೇಗ ಅತಿಯಾಗಿದೆಯೇ ಎಂಬುದನ್ನೂ ನೋಡಬೇಕು. ಇವೆಲ್ಲ ಸರಿಯಿದ್ದರೆ ಕ್ಲಚ್ ಪ್ಲೇಟುಗಳು ಬಾಗಿರಬಹುದು.

ಎಂಜಿನ್ ನಿಂತಾಗಲೂ ಬೀಳದಿದ್ದರೆ ಮೊದಲು ಹೊರಗಿನದನ್ನು ನೋಡಿರಿ: ಲಿವರಿನ ಬೋಲ್ಟು ಸಡಿಲವಾಗಿರಬಹುದು, ಅದು ಕೂಡುವ ಗೀರುಗಳು ಸವೆದಿರಬಹುದು, ಬಿದ್ದಾಗ ಲಿವರ್ ಬಾಗಿ ಎಂಜಿನ್ನಿಗೆ ತಾಗುತ್ತಿರಬಹುದು. ಗೇರ್ ಪೆಟ್ಟಿಗೆಯನ್ನು ಬಿಚ್ಚಿಸುವುದು ಕಟ್ಟಕಡೆಯ ಕೆಲಸ. ಸಂಸಾರಸ್ಥನ ತಿಂಗಳ ಲೆಕ್ಕಕ್ಕೆ ಕೇಬಲ್ಲು ಬಿಗಿಸುವ ಖರ್ಚಿಗೂ ಎಂಜಿನ್ ಬಿಚ್ಚಿಸುವ ಖರ್ಚಿಗೂ ಇರುವ ಅಂತರವೇನು ಅಲ್ಪವೇ?

ಈ ದಾರಿಯ ಸವಾರರಿಗೆ ಹೇಳಬೇಕಾದುದನ್ನೆಲ್ಲ ಇಲ್ಲಿಯ ಮಾತಿನಲ್ಲಿಯೇ ಅಡಕಮಾಡಬಹುದು: “ನಿಂತ ಮ್ಯಾಲ ಇಳಿಸಬ್ಯಾಡ್ರೀ, ಇಳಿಸಿ ನಿಂದರ್ರೀ.” ಸಂತೆಯ ಗದ್ದಲವಿಲ್ಲದ ಬೆಳಗಿನಲ್ಲಿ, ಬಡಾವಣೆಯ ಖಾಲಿ ರಸ್ತೆಯಲ್ಲಿ ನಾಲ್ಕು ದಿನ ರೂಢಿ ಮಾಡಿಕೊಂಡರೆ ಕಾಲಿಗೆ ತಾನಾಗಿ ಅಭ್ಯಾಸವಾಗುತ್ತದೆ.