ಅಪ್ಪನ ಕಣ್ಣಿಗೆ ತಕ್ಕ ಲ್ಯಾಪ್‌ಟಾಪ್

ಈ ವಾರ ತೆಂಗಿನ ವಿಷಯ ಬಿಟ್ಟು ಬೇರೆ ಬರೀತಿದ್ದೀನಿ. ಎರಡು ತಿಂಗಳಿಂದ ನಮ್ಮ ಹೋಬಳಿಯ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ರು: "ನಿಮ್ಮಪ್ಪಂಗೆ ಲ್ಯಾಪ್‌ಟಾಪ್ ತಂದ್ರಂತಲ್ಲ, ಯಾವುದು, ಎಷ್ಟಾಯ್ತು?" ಅದಕ್ಕೆ ಒಂದು ಸಾಲಲ್ಲಿ ಉತ್ತರ ಹೇಳಿಬಿಡಬಹುದು. ಆದ್ರೆ ನಮ್ಮಪ್ಪಂಗೆ ಒಗ್ಗಿದ್ದು ನಿಮ್ಮನೆ ಹಿರಿಯರಿಗೂ ಒಗ್ಗುತ್ತೆ ಅಂತೇನಿಲ್ಲ. ಅದಕ್ಕೇ ಹೇಗೆ ಆರಿಸಿದ್ವಿ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಯಾಕೆ ಬೇಕಾಯ್ತು ಅಂತ ಹೇಳ್ಬೇಕು. ಅಪ್ಪಂಗೆ ಈಗ 78. ಊರಿನ ಹಾಲು ಸಂಘದಲ್ಲಿ 26 ವರ್ಷ ಕಾರ್ಯದರ್ಶಿ ಆಗಿದ್ದವರು. ಫ್ಯಾಟು, ಬಟವಾಡೆ, ದಾಸ್ತಾನು ಎಲ್ಲಾ ಕೈಯಲ್ಲೇ ಬರೆದವರು. ಎಡಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಬಲಗಣ್ಣಿಗೆ ಗ್ಲಾಕೋಮಾ. ದಿನಾ ಡ್ರಾಪ್ಸ್ ಹಾಕ್ಕೊಂಡ್ರೆ ಇರೋ ನೋಟ ಕಾಪಾಡ್ಕೋಬಹುದು, ಹೋದ ನೋಟ ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ.

ನಮ್ಮ ಜಮೀನು ಇನ್ನೂ ಭಾಗ ಆಗಿಲ್ಲ. ನಾನು, ನನ್ನ ತಮ್ಮ, ತಂಗಿ. ಪಹಣಿ ಅಪ್ಪನ ಹೆಸರಲ್ಲಿದೆ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಬೆಳೆ ಸಿಗುತ್ತೆ. ಆದ್ರೆ ಬಾಂದುಕಲ್ಲು ಯಾವ ಬೇಲಿಯೊಳಗೆ ಹೂತು ಹೋಗಿದೆ, 1983ರಲ್ಲಿ ಪಕ್ಕದವರಿಗೆ ಬಿಟ್ಟುಕೊಟ್ಟ ಗಾಡಿ ದಾರಿ ಎಷ್ಟು ಅಗಲ, ಬೋರಿನ ಪೈಪು ಯಾವ ಬದುವಿನ ಕೆಳಗೆ ಹೋಗಿದೆ, ಬದುವಿನ ಮೇಲಿನ ಯಾವ ಮರ ನಮ್ದು ಯಾವುದು ಅವರದ್ದು, ಇದೊಂದೂ ಪಹಣಿಯಲ್ಲಿ ಬರಲ್ಲ. ಅಷ್ಟೂ ಅಪ್ಪನ ತಲೆಯಲ್ಲಿದೆ. ಕಣ್ಣು ಇನ್ನೂ ಮಂಜಾಗೋದ್ರೊಳಗೆ ಎಲ್ಲಾ ಬರೆದಿಡಬೇಕು ಅನ್ನೋದು ಅವರ ಹಠ. ನೋಟ್‌ಬುಕ್ಕಿನಲ್ಲಿ ಬರೆಯೋಕೆ ಕೂತ್ರೆ ಸಾಲಿನ ಮೇಲೆ ಸಾಲು ಬೀಳುತ್ತೆ. ಬೆಳಿಗ್ಗೆ ಬರೆದದ್ದನ್ನ ಸಾಯಂಕಾಲ ತಾವೇ ಓದೋಕಾಗಲ್ಲ.

"ನೀವು ಹೇಳಿ, ನಾನು ಬರ್ಕೋತೀನಿ" ಅಂದೆ. ಒಪ್ಪಲಿಲ್ಲ. "ನೀನು ಬರೆದ್ರೆ ನಾಳೆ ಅವನು ಅಣ್ಣ ಬರೆದಿದ್ದು ಅಂತಾನೆ. ಅವನು ಬರೆದ್ರೆ ನೀನಂತೀಯ. ನಾನೇ ಬರೀಬೇಕು ಕಣೋ" ಅಂದ್ರು. ಈ ಮಾತಿಗೆ ನನ್ನತ್ರ ಉತ್ತರ ಇರಲಿಲ್ಲ. ಒಂದು ಗಾಡಿ ದಾರಿಗೋಸ್ಕರ ಅಣ್ಣತಮ್ಮಂದಿರು ಮಾತು ಬಿಟ್ಟಿರೋ ಮನೆಗಳು ನಮ್ಮ ನಿಮ್ಮ ಊರಲ್ಲಿ ಎಷ್ಟಿಲ್ಲ ಹೇಳಿ.

ಆ ಮಾತಾದ ಮೇಲೆ ಲ್ಯಾಪ್‌ಟಾಪ್ ಆರಿಸೋ ಲೆಕ್ಕವೇ ಬೇರೆ ಆಯ್ತು. ಯಾರನ್ನೂ ಕರೀದೆ ಅಪ್ಪ ಒಬ್ಬರೇ ತೆರೆದು, ಓದಿ, ಬರೆದು, ಮುಚ್ಚಿಡೋ ಹಾಗಿರಬೇಕು. ಉಳಿದದ್ದೆಲ್ಲಾ ಸಣ್ಣ ಕೆಲಸ: ಭೂಮಿ ವೆಬ್‌ಸೈಟಲ್ಲಿ ಪಹಣಿ, ಮುಟೇಶನ್ ನೋಡೋದು, ದಿನಪತ್ರಿಕೆ ಓದೋದು, ಮೈಸೂರಿನಲ್ಲಿರೋ ತಂಗಿಗೆ ವಿಡಿಯೋ ಕಾಲ್, ರಾತ್ರಿ ಒಂದು ಪೌರಾಣಿಕ ನಾಟಕ. ಇಷ್ಟಕ್ಕೆ ದೊಡ್ಡ ಮೆಷಿನ್ ಬೇಕಿಲ್ಲ. ಮೂರು ಎಚ್‌ಪಿ ಸಾಕಾಗೋ ಬಾವಿಗೆ ಹತ್ತು ಎಚ್‌ಪಿ ಮೋಟರ್ ಇಳಿಸಿದ್ರೆ ನೀರೇನು ಹೆಚ್ಚು ಬರುತ್ತಾ?

ಟ್ಯಾಬ್ ಯಾಕೆ ತರಲಿಲ್ಲ ಅಂತ ಕೆಲವರು ಕೇಳಿದ್ರು. ನಾಟಕ ನೋಡೋಕೆ, ಮಾತಾಡೋಕೆ ಟ್ಯಾಬೇ ಸಾಕು. ಉದ್ದಕ್ಕೆ ಬರೆಯೋರಿಗೆ ಆಗಲ್ಲ. ಗಾಜಿನ ಮೇಲೆ ಕೀ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಲ್ಲ, ದಪ್ಪ ಬೆರಳು ಒಂದು ಒತ್ತೋಕೆ ಹೋದ್ರೆ ಪಕ್ಕದ್ದು ಒತ್ತುತ್ತೆ. ಕರೆಂಟು ಚೆನ್ನಾಗಿರೋ ಕಡೆ ಡೆಸ್ಕ್‌ಟಾಪೇ ಒಳ್ಳೇದು, ಅದೇ ದುಡ್ಡಿಗೆ ದೊಡ್ಡ ಪರದೆ ಬರುತ್ತೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಅದಕ್ಕೆ ಮತ್ತೆ ಯುಪಿಎಸ್ ಖರ್ಚು. ಲ್ಯಾಪ್‌ಟಾಪಿಗೆ ಬ್ಯಾಟರಿ ಒಳಗೇ ಇರುತ್ತೆ.

ಮೊದಲು ನೋಡಿದ್ದು ಪರದೆ. ಅಪ್ಪನ್ನ ತಿಪಟೂರಿಗೆ ಜೊತೇಲೇ ಕರ್ಕೊಂಡು ಹೋದೆ. ಎತ್ತು ತರೋಕೆ ಹೋದೋರು ನಡೆಸಿ ನೋಡ್ದೆ ತರ್ತಾರಾ? ಅಂಗಡಿಯಲ್ಲಿ ನಮ್ಮದೇ ಪಹಣಿ ತೆಗೆಸಿ, ಎರಡು ಅಡಿ ದೂರದಿಂದ ಸರ್ವೆ ನಂಬರು ಓದಿ ಅಂದೆ. ಮೊದಲನೇದರ ಪರದೆ ಕನ್ನಡಿ ಥರ ಹೊಳೀತಿತ್ತು. ಅದರಲ್ಲಿ ಅಪ್ಪಂಗೆ ಕಂಡಿದ್ದು ತಲೆ ಮೇಲಿನ ಟ್ಯೂಬ್‌ಲೈಟು. ಎರಡನೇದು ಹೊಳಪಿಲ್ಲದ್ದು, ಮ್ಯಾಟ್ ಅಂತಾರೆ. ಅದರಲ್ಲಿ ಓದಿದ್ರು. ಪೊರೆ ತೆಗೆಸಿದ ಕಣ್ಣಿಗೆ ಪ್ರತಿಬಿಂಬ ಬಹಳ ಹಿಂಸೆ. ಐಪಿಎಸ್ ಪ್ಯಾನೆಲ್ ಅಂತ ಕೇಳಿ ತಗೊಳ್ಳಿ, ಓರೆಯಾಗಿ ಕೂತು ನೋಡಿದ್ರೂ ಅಕ್ಷರ ಮಸುಕಾಗಲ್ಲ. ಅಳತೆ 15.6 ಇಂಚು, ಫುಲ್ ಎಚ್‌ಡಿ ಅಂದ್ರೆ 1920×1080. ಅದನ್ನ ಹಾಗೇ ಬಿಟ್ರೆ ಅಕ್ಷರ ಸಣ್ಣದು, ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಸ್ಕೇಲ್ 150 ಪರ್ಸೆಂಟ್ ಮಾಡಿ. ಅಕ್ಷರ ದಪ್ಪ ಆಗುತ್ತೆ, ಒಡೆಯಲ್ಲ. ಬ್ರೌಸರಿನಲ್ಲಿ ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತಿದಷ್ಟೂ ಅಕ್ಷರ ದೊಡ್ಡದಾಗ್ತಾ ಹೋಗುತ್ತೆ. ವಿಂಡೋಸ್ ಕೀ ಹಿಡಿದು ಪ್ಲಸ್ ಒತ್ತಿದ್ರೆ ಭೂತಗನ್ನಡಿ ಬರುತ್ತೆ. ಮೌಸಿನ ಬಾಣವನ್ನೂ ದೊಡ್ಡದು ಮಾಡಿ ಹಳದಿ ಬಣ್ಣ ಹಾಕಿಕೊಟ್ಟಿದ್ದೀನಿ. ಇನ್ನೂ ಸಾಲದು ಅನ್ಸಿದ್ರೆ ಎಚ್‌ಡಿಎಂಐ ಕೇಬಲ್ ಹಾಕಿ ಮನೆಯ ಟಿವಿಯಲ್ಲೇ ನೋಡಬಹುದು.

ಆಮೇಲೆ ಕೀಬೋರ್ಡು. ಇದನ್ನ ಯಾವ ಅಂಗಡಿಯವರೂ ಹೇಳಲ್ಲ. ಬೆಳ್ಳಿ ಬಣ್ಣದ ಕೀ ಮೇಲೆ ಬೂದು ಅಕ್ಷರ ಇರೋ ಲ್ಯಾಪ್‌ಟಾಪು ನೋಡೋಕೆ ಚೆಂದ, ವಯಸ್ಸಾದ ಕಣ್ಣಿಗೆ ಏನೂ ಕಾಣಲ್ಲ. ಕಪ್ಪು ಕೀ, ಬಿಳಿ ಅಕ್ಷರ ಇರೋದೇ ತಗೊಳ್ಳಿ. ಬಲಗಡೆ ಅಂಕಿಗಳಿಗೇ ಬೇರೆ ಕೀಗಳಿದ್ರೆ ಲೆಕ್ಕ ಬರೆಯೋರಿಗೆ ಅನುಕೂಲ, 15.6 ಇಂಚಿನ ಎಷ್ಟೋ ಮಾಡೆಲ್‌ಗಳಲ್ಲಿ ಅದು ಬರುತ್ತೆ. ತಂತಿ ಇರೋ ಮೌಸ್ ಒಂದು ತಗೊಳ್ಳಿ, ಸೆಲ್ ಬದಲಾಯಿಸೋ ರಗಳೆ ಇರಲ್ಲ.

ಒಳಗಿನದ್ದು ನಮ್ಮ ತಂಗಿ ಮಗ ಹೇಳಿಕೊಟ್ಟಿದ್ದು. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರಲೇಬೇಕು. ತಿರುಗೋ ಹಳೇ ಹಾರ್ಡ್ ಡಿಸ್ಕಿದ್ರೆ ಆನ್ ಮಾಡಿ ಕಾಫಿ ಕುಡಿದು ಬರಬೇಕು. ಪ್ರೊಸೆಸರ್ ಈಚಿನ ಐ3 ಅಥವಾ ರೈಝೆನ್ 3 ಇಷ್ಟು ಕೆಲಸಕ್ಕೆ ಸಾಕು. ಹಣ ಉಳಿದ್ರೆ ಪರದೆಗೆ ಹಾಕಿ, ಗೇಮಿನ ಗ್ರಾಫಿಕ್ಸ್ ಕಾರ್ಡಿಗೆ ಬೇಡ. ವಿಂಡೋಸ್ ಎಸ್ ಮೋಡಿನಲ್ಲಿದ್ರೆ ಮೈಕ್ರೋಸಾಫ್ಟ್ ಸ್ಟೋರಿನದ್ದು ಬಿಟ್ಟು ಬೇರೆ ಪ್ರೋಗ್ರಾಮ್ ಹಾಕೋಕೆ ಬಿಡಲ್ಲ. ಅದರಿಂದ ಹೊರಗೆ ಬರೋಕೆ ದುಡ್ಡೇನೂ ಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇದನ್ನ ಗಮನ ಇಟ್ಟು ಓದಿ. ಒಂದು ಅಂಗಡಿಯಲ್ಲಿ 14 ಸಾವಿರಕ್ಕೆ ಫಳಫಳ ಹೊಳೆಯೋ ಒಂದು ತೋರಿಸಿದ್ರು. ಒಳಗಿದ್ದದ್ದು ಐ5-6200ಯು. ಈ ಥರದ ನಂಬರಿನಲ್ಲಿ ಅಡ್ಡಗೆರೆ ಆದಮೇಲಿನ 6 ಅಂದ್ರೆ ಆರನೇ ತಲೆಮಾರು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಾದ್ರೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಬ್ಯಾಂಕಿನ ಕೆಲಸ ಮಾಡೋ ಮೆಷಿನ್ನು ಇಂಥಾದ್ದು ಬೇಡ ಅಂತ ಬಿಟ್ಟು ಬಂದ್ವಿ. ಎಂಟನೇ ತಲೆಮಾರಿಗಿಂತ ಈಚೆಯದು, ಬ್ಯಾಟರಿ ಚೆನ್ನಾಗಿರೋದು ಸಿಕ್ಕಿದ್ರೆ ಹಳೇದೂ ಆಗಬಹುದು.

ಕನ್ನಡ ಟೈಪಿಂಗ್ ಬಗ್ಗೆ ಎಲ್ಲರೂ ಹೆದರ್ತಾರೆ. ಅಪ್ಪಂಗೆ ಇಂಗ್ಲಿಷ್ ಅಕ್ಷರ ಗೊತ್ತು, ಅಷ್ಟು ಸಾಕಾಯ್ತು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ, ನುಡಿಯಲ್ಲಿರೋದೂ ಅದೇ, 'ಕೆ' ಒತ್ತಿದ್ರೆ ಕ, 'ಎಂ' ಒತ್ತಿದ್ರೆ ಮ. ಒತ್ತಕ್ಷರಕ್ಕೆ ನಡುವೆ 'ಎಫ್'. ಅಕ್ಕ ಅಂತ ಬರೆಯೋಕೆ ಎ, ಕೆ, ಎಫ್, ಕೆ. ಹದಿನೈದು ದಿನ ಮೊಮ್ಮಕ್ಕಳ ಹೆಸರು, ಹಸುಗಳ ಹೆಸರು ಬರೆದು ಕೈ ಪಳಗಿಸಿಕೊಂಡ್ರು. ಯೂನಿಕೋಡ್‌ನಲ್ಲೇ ಬರೀರಿ, ಹಳೇ ಫಾಂಟಿನಲ್ಲಿ ಬರೆದ್ರೆ ಆ ಫಾಂಟ್ ಇಲ್ಲದ ಕಡೆ ಅಕ್ಷರ ಚೆಲ್ಲಾಪಿಲ್ಲಿ. ಗೂಗಲ್ ಡಾಕ್ಸ್‌ನಲ್ಲಿ ಬಾಯಲ್ಲಿ ಹೇಳಿದ್ರೂ ಕನ್ನಡ ಬರುತ್ತೆ, ಅದಕ್ಕೆ ನೆಟ್ ಬೇಕು. ಅಪ್ಪ "ಬಾಂದು" ಅಂದ್ರೆ ಅದು "ಬಂದು" ಅಂತ ಬರೀತು. "ಇದಕ್ಕೆ ಹೊಲ ಗೊತ್ತಿಲ್ಲ" ಅಂತ ಅಪ್ಪ ಬೆರಳಿಗೇ ವಾಪಸ್ ಬಂದ್ರು.

ಬೀಗದ ವಿಷಯ. ಬೆರಳಚ್ಚು ಇಟ್ಟು ತೆರೆಯೋ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬಾರದೆ ಮೂರು ಸಲ ಒರೆಸಿಕೊಂಡು ಒತ್ತೋ ಕೈಗಳು ನಮ್ದು. ಪಿನ್ ನಂಬರೇ ವಾಸಿ. ಅಪ್ಪನ ಪಿನ್ ನಂಗೂ ಗೊತ್ತಿಲ್ಲ, ತಮ್ಮಂಗೂ ಗೊತ್ತಿಲ್ಲ. ಒಂದು ಲಕೋಟೆಯೊಳಗೆ ಬರೆದು ತಂಗಿ ಕೈಗೆ ಕೊಟ್ಟಿದ್ದಾರೆ.

ಮನೆಗೆ ತಂದ ಮೇಲೆ ಮೂರು ಕೆಲಸ. ಅರ್ತಿಂಗ್ ಸರಿಯಿರೋ ಮೂರು ಪಿನ್ನಿನ ಪ್ಲಗ್ಗಿಗೇ ಚಾರ್ಜರ್ ಹಾಕಿ, ಇಲ್ದಿದ್ರೆ ಲೋಹದ ಮೈಯವು ಮುಟ್ಟಿದಾಗ ಜುಮ್ ಅನ್ನುತ್ತೆ. ಗುಡುಗು ಶುರುವಾದ್ರೆ ಪ್ಲಗ್ ಕಿತ್ತುಬಿಡಿ. ಕೊಬ್ಬರಿ ಅಟ್ಟದ ಕೆಳಗೆ ಇಡಬೇಡಿ, ಧೂಳು, ಇಲಿ ಎರಡೂ ಅಲ್ಲೇ. ವಾರಂಟಿ ಕೇಳುವಾಗ ಎಂಜಿನಿಯರ್ ಮನೆಗೇ ಬರ್ತಾರಾ, ನಿಮ್ಮ ಪಿನ್‌ಕೋಡಿಗೆ ಬರ್ತಾರಾ ಅಂತ ಬಿಲ್ ಮಾಡಿಸೋಕೆ ಮುಂಚೆನೇ ಕೇಳಿ. ಪರದೆ ಮೇಲೆ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದ್ರೆ ಮಾಡಬೇಡಿ, ಮುಚ್ಚಿಬಿಡಿ. ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ನಮಗೆ ಆದದ್ದು ಮೌಸು ಸೇರಿ 39,500. ಉಂಡೆ ಕೊಬ್ಬರಿಗೆ 2025ರ ಬೆಂಬಲ ಬೆಲೆ ಕ್ವಿಂಟಲಿಗೆ 12,100, ಆ ಲೆಕ್ಕದಲ್ಲಿ ಮೂರು ಕ್ವಿಂಟಲ್‌ಗಿಂತ ಜಾಸ್ತಿ. ಸಣ್ಣ ಮೊತ್ತ ಅಲ್ಲ. ಅರ್ಧ ತಮ್ಮ ಹಾಕಿದ. ಅವನು ಹಾಕ್ತೀನಿ ಅಂದಾಗ ನಾನು ಬೇಡ ಅನ್ನಲಿಲ್ಲ, ಒಬ್ಬನೇ ತಂದುಕೊಟ್ಟ ವಸ್ತುವಿನಲ್ಲಿ ಬರೆದದ್ದು ಅನ್ನೋ ಮಾತೂ ಬರಬಾರದು.

ಒಂದು ಎಚ್ಚರಿಕೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟದ್ದು ವಿಲ್ ಆಗಲ್ಲ. ವಿಲ್ ಬೇಕಿದ್ರೆ ಕಾಗದದ ಮೇಲೆ ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಒಳ್ಳೇದು. ಅಪ್ಪ ಬರೀತಿರೋದು ವಿಲ್ ಅಲ್ಲ, ಜಮೀನಿನ ಗುರುತು. ಅದನ್ನ ಪ್ರಿಂಟ್ ತೆಗೆಸಿ ಪ್ರತಿ ಪುಟಕ್ಕೂ ಸಹಿ ಹಾಕ್ತೀನಿ ಅಂದಿದ್ದಾರೆ. ಮೂರು ಪೆನ್‌ಡ್ರೈವಿಗೂ ಹಾಕಿ, ಮೂರು ಮಕ್ಕಳಿಗೂ ಒಂದೊಂದು.

ಇಲ್ಲೀವರೆಗೆ ಹನ್ನೊಂದು ಪುಟ ಆಗಿದೆ ಅಂತ ಅಪ್ಪನೇ ಹೇಳಿದ್ರು. ನಾನು ಓದಿಲ್ಲ. ಹೋದ ಭಾನುವಾರ ಗಾಡಿ ದಾರಿಯ ಅಗಲ ಸರಿಯಾಗಿ ಬರೀಬೇಕು ಅಂತ ನಮ್ಮಿಬ್ಬರ ಕೈಗೂ ಟೇಪು ಕೊಟ್ಟು ಅಳೆಸಿದ್ರು. ಒಂದು ತುದಿ ತಮ್ಮ ಹಿಡಿದ, ಇನ್ನೊಂದು ನಾನು. ಒಂಬತ್ತು ಅಡಿ ನಾಲ್ಕಿಂಚು. ಅಪ್ಪ ಬದುವಿನ ಮೇಲೆ ಕೂತು ಎರಡು ಸಲ ಅಳೆಸಿ, ಮನೆಗೆ ಬಂದು ಬರೆದ್ಕೊಂಡ್ರು.

ಯಾರಿಗಾದ್ರೂ ತಗೊಳ್ಳೋ ಯೋಚನೆ ಇದ್ರೆ ಮನೆ ಹಿರಿಯರನ್ನೇ ಕರ್ಕೊಂಡು ಒಂದು ಸಾಯಂಕಾಲ ನಮ್ಮನೆಗೆ ಬನ್ನಿ. ಅವರೇ ಕೂತು ಕೀ ಒತ್ತಿ, ಅಕ್ಷರ ಓದಿ ನೋಡಲಿ. ಅಪ್ಪನೇ ತೋರಿಸ್ತಾರೆ. ಮುಂದಿನ ವಾರ ರೈನೋ ದುಂಬಿಗೆ ಬಲೆ ಕಟ್ಟಿದ್ದರ ಬಗ್ಗೆ ಬರೀತೀನಿ.